ಡೀನ್ ಕೊಡದೆ ಹೋದ ಉತ್ತರ

ಹೊರಗೆ ಬಾಗಿಲು ಬಡಿಯುತ್ತಿರುವುದು ಸಾವು. ಬಿಲ್ಲಿ ಎಂಬ ಹೆಸರಿನ ಹೆಣ್ಣಿನ ರೂಪದಲ್ಲಿ ಬಂದಿರುವ ಸಾಕ್ಷಾತ್ ಸಾವು. ಒಳಗೆ, ನೆಲಮಾಳಿಗೆಯ ಕೋಣೆಯೊಂದರಲ್ಲಿ ಇಬ್ಬರು ಸಿಕ್ಕಿಬಿದ್ದಿದ್ದಾರೆ. ಒಬ್ಬ, ದೆವ್ವ ಪಿಶಾಚಿಗಳ ಬೇಟೆಯಲ್ಲೇ ಬದುಕು ಸವೆಸಿದ ಡೀನ್ ವಿಂಚೆಸ್ಟರ್. ಇನ್ನೊಬ್ಬ, ಅವನ ಸಲುವಾಗಿ ಸ್ವರ್ಗಕ್ಕೇ ಎದುರುಬಿದ್ದ ದೇವದೂತ ಕ್ಯಾಸ್ಟಿಯೆಲ್. ಬಾಗಿಲಿಗೆ ರಕ್ತದಲ್ಲಿ ಬರೆದ ರಕ್ಷಾಚಿಹ್ನೆ ಇನ್ನು ಹೆಚ್ಚು ಹೊತ್ತು ತಡೆಯುವಂತಿಲ್ಲ. ಆಗ ಕ್ಯಾಸ್ಟಿಯೆಲ್ ಹಿಂದೊಮ್ಮೆ ತಾನು ಮಾಡಿಕೊಂಡ ಒಪ್ಪಂದದ ವಿಷಯ ಬಾಯಿಬಿಡುತ್ತಾನೆ. ಮಗನಂತಿರುವ ಜ್ಯಾಕ್‌ನ ಜೀವ ಉಳಿಸಲು ಅವನು ‘ಎಂಪ್ಟಿ’ಗೆ, ಅಂದರೆ ಸತ್ತ ದೇವದೂತರೂ ಪಿಶಾಚಿಗಳೂ ನಿದ್ರಿಸುವ ಕತ್ತಲ ಲೋಕಕ್ಕೆ, ತನ್ನನ್ನೇ ಒತ್ತೆಯಿಟ್ಟಿದ್ದ. ಷರತ್ತು ಒಂದೇ: ನಿಜವಾದ ಸಂತೋಷ ಅವನಿಗೆ ಒದಗಿದ ಕ್ಷಣವೇ ಆ ಲೋಕ ಬಂದು ಅವನನ್ನು ಎಳೆದೊಯ್ಯುತ್ತದೆ.

ಅಂಥ ಸಂತೋಷ ಎಲ್ಲಿ ಸಿಗಬೇಕು ಎಂದು ಅವನು ಯೋಚಿಸುತ್ತಲೇ ಬಂದಿದ್ದ. ಬೇಕೆಂದದ್ದು ತನ್ನದಾಗುವುದಿಲ್ಲ ಎಂಬುದು ಅವನಿಗೆ ಗೊತ್ತು. ಆದರೆ ಸಂತೋಷ ಇರುವುದು ಪಡೆಯುವುದರಲ್ಲಿ ಅಲ್ಲ, ಹೇಳಿಬಿಡುವುದರಲ್ಲಿ ಎಂದು ಆ ಕ್ಷಣ ಅವನಿಗೆ ಹೊಳೆಯುತ್ತದೆ. ಹೇಳುತ್ತಾನೆ. ನೀನು ನಿನ್ನನ್ನು ಬರೀ ಸಿಟ್ಟಿನವನು, ಹಾಳುಮಾಡುವವನು, ಅಪ್ಪನ ಕೈಯ ಆಯುಧ ಎಂದುಕೊಂಡಿದ್ದೀಯೆ. ನೀನು ಮಾಡಿದ್ದೆಲ್ಲ, ಒಳ್ಳೆಯದೂ ಕೆಟ್ಟದ್ದೂ, ಪ್ರೀತಿಯಿಂದಲೇ ಮಾಡಿದ್ದು. ನಿನ್ನಿಂದ ನಾನು ಬದಲಾದೆ ಎಂದು ಕಣ್ಣೀರು ತುಂಬಿಕೊಂಡು ಹೇಳುತ್ತಾನೆ. ಕೊನೆಗೆ, ‘ಐ ಲವ್ ಯೂ’.

ಹೀಗೆ ಮಾಡಬೇಡ ಕ್ಯಾಸ್, ಎನ್ನುತ್ತಾನೆ ಡೀನ್. ಅಷ್ಟೇ. ಕ್ಯಾಸ್ಟಿಯೆಲ್ ರಕ್ತಸಿಕ್ತ ಅಂಗೈಯಿಂದ ಅವನ ಭುಜ ಹಿಡಿದು ಪಕ್ಕಕ್ಕೆ ತಳ್ಳುತ್ತಾನೆ, ಗೋಡೆಯಿಂದ ಕಪ್ಪು ದ್ರವ ಉಕ್ಕಿ ಬಂದು ದೇವದೂತನನ್ನೂ ಸಾವನ್ನೂ ಒಟ್ಟಿಗೇ ನುಂಗುತ್ತದೆ. ಡೀನ್ ನೆಲದ ಮೇಲೆ ಕುಸಿದು ಕುಳಿತಿದ್ದಾನೆ. ತಮ್ಮನ ಫೋನ್ ಬರುತ್ತಿದೆ. ಎತ್ತುವುದಿಲ್ಲ.

‘ಸೂಪರ್‌ನ್ಯಾಚುರಲ್’ ಎಂಬ ಅಮೆರಿಕನ್ ಧಾರಾವಾಹಿಯ ಹದಿನೈದನೆಯ, ಅಂದರೆ ಕೊನೆಯ ಸೀಸನ್ನಿನ 18ನೇ ಕಂತು ಇದು, ಹೆಸರು ‘ಡಿಸ್ಪೇರ್’. 2020ರ ನವೆಂಬರ್ 5ರ ರಾತ್ರಿ ಸಿಡಬ್ಲ್ಯೂ ವಾಹಿನಿಯಲ್ಲಿ ಪ್ರಸಾರವಾಯಿತು. ಬರೆದವರು ರಾಬರ್ಟ್ ಬೆರೆನ್ಸ್. ನಿರ್ದೇಶಿಸಿದವರು ರಿಚರ್ಡ್ ಸ್ಪೈಟ್ ಜೂನಿಯರ್, ಇದೇ ಧಾರಾವಾಹಿಯಲ್ಲಿ ಗೇಬ್ರಿಯಲ್ ಎಂಬ ದೇವದೂತನ ಪಾತ್ರ ಮಾಡಿದ ನಟ. ಮುಗಿಯಲು ಇನ್ನೆರಡೇ ಕಂತು ಬಾಕಿ ಇದ್ದವು. ಆ ರಾತ್ರಿ ಅಭಿಮಾನಿಗಳ ನಡುವೆ ಎದ್ದ ಜಗಳ ಧಾರಾವಾಹಿ ಮುಗಿದ ಮೇಲೂ ಮುಗಿಯಲಿಲ್ಲ. ಸಂಭ್ರಮಿಸಿದವರು ಒಂದು ಕಡೆ, ಸಿಟ್ಟಾದವರು ಇನ್ನೊಂದು ಕಡೆ ಎಂದು ಅದನ್ನು ವಿವರಿಸುವುದುಂಟು. ಆ ವಿವರಣೆ ನನಗೆ ಒಪ್ಪಿಗೆಯಿಲ್ಲ. ಸಂಭ್ರಮವೂ ಸಿಟ್ಟೂ ಬಹಳ ಸಲ ಒಬ್ಬನೇ ವೀಕ್ಷಕನ ಒಳಗೆ, ಒಂದೇ ಗಳಿಗೆಯಲ್ಲಿ ಇದ್ದವು. ಕೈಗೆ ಕೊಟ್ಟದ್ದನ್ನು ಅದೇ ಉಸಿರಿನಲ್ಲಿ ಕಸಿದುಕೊಂಡರೆ ಇನ್ನೇನಾಗಬೇಕು?

ಧಾರಾವಾಹಿ ನೋಡದವರಿಗೆ ಒಂದಿಷ್ಟು ಹಿನ್ನೆಲೆ ಬೇಕು. 2005ರ ಸೆಪ್ಟೆಂಬರ್ 13ರಂದು ಡಬ್ಲ್ಯೂಬಿ ವಾಹಿನಿಯಲ್ಲಿ ಶುರುವಾದಾಗ ಇದು ಸರಳ ಕತೆ. ಕಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಅಣ್ಣ ತಮ್ಮ, ಡೀನ್ ಮತ್ತು ಸ್ಯಾಮ್. ಅಮ್ಮನನ್ನು ಕೊಂದ ಪಿಶಾಚಿಯ ಬೆನ್ನುಹತ್ತಿ ಅಪ್ಪ ಬೇಟೆಗಾರನಾದ, ಮಕ್ಕಳೂ ಅದೇ ಹಾದಿ ಹಿಡಿದರು. 1967ರ ಕಪ್ಪು ಶೆವರ್ಲೆ ಇಂಪಾಲಾ ಕಾರು, ಅದರ ಡಿಕ್ಕಿ ತುಂಬ ಆಯುಧ, ವಾರಕ್ಕೊಂದು ಊರು, ಊರಿಗೊಂದು ದೆವ್ವ. ಡೀನ್ ಆಗಿ ಜೆನ್ಸನ್ ಆಕಲ್ಸ್, ಸ್ಯಾಮ್ ಆಗಿ ಜ್ಯಾರೆಡ್ ಪಡಲೆಕಿ. ಸೃಷ್ಟಿಕರ್ತ ಎರಿಕ್ ಕ್ರಿಪ್ಕಿ ಐದು ಸೀಸನ್ನುಗಳಿಗೆ ಕತೆ ಹೆಣೆದಿದ್ದರು. ಐದನೆಯದು 2010ರಲ್ಲಿ ಮುಗಿದಾಗ ಚುಕ್ಕಾಣಿ ಬಿಟ್ಟರು. ಧಾರಾವಾಹಿ ನಿಲ್ಲಲಿಲ್ಲ. ಸೆರಾ ಗ್ಯಾಂಬಲ್, ಜೆರೆಮಿ ಕಾರ್ವರ್, ಆಮೇಲೆ ರಾಬರ್ಟ್ ಸಿಂಗರ್ ಮತ್ತು ಆಂಡ್ರ್ಯೂ ಡ್ಯಾಬ್ ಒಬ್ಬರಾದ ಮೇಲೊಬ್ಬರು ನಡೆಸಿ, ಒಟ್ಟು 327 ಕಂತುಗಳಾದವು.

ಕ್ಯಾಸ್ಟಿಯೆಲ್ ಬಂದದ್ದು ನಾಲ್ಕನೇ ಸೀಸನ್ನಿನ ಮೊದಲ ಕಂತಿನಲ್ಲಿ, 2008ರ ಸೆಪ್ಟೆಂಬರ್ 18ರಂದು. ನರಕದಲ್ಲಿ ಬಿದ್ದಿದ್ದ ಡೀನ್‌ನನ್ನು ಮೇಲಕ್ಕೆತ್ತಿದವನು ಅವನು. ಎತ್ತಿದ ಗುರುತು ಡೀನ್‌ನ ಭುಜದ ಮೇಲೆ ಸುಟ್ಟ ಅಂಗೈ ಮುದ್ರೆಯಾಗಿ ಉಳಿಯುತ್ತದೆ. ಹಳೆಯ ಕೊಟ್ಟಿಗೆಯೊಂದರಲ್ಲಿ ದೀಪಗಳು ಸಿಡಿದು ಕಿಡಿ ಸುರಿಯುವಾಗ ಮಾಸಲು ಕೋಟಿನ ಮನುಷ್ಯನೊಬ್ಬ ನಡೆದು ಬರುತ್ತಾನೆ, ಹಿಂದಿನ ಗೋಡೆಯ ಮೇಲೆ ಎರಡು ಮಹಾ ರೆಕ್ಕೆಗಳ ನೆರಳು ಬಿಚ್ಚಿಕೊಳ್ಳುತ್ತದೆ. ನಟ ಮಿಶಾ ಕಾಲಿನ್ಸ್ ಅವರನ್ನು ಕರೆತಂದಿದ್ದು ಕೆಲವೇ ಕಂತುಗಳಿಗೆಂದು. ಅವರು ಕೊನೆಯ ಸೀಸನ್‌ವರೆಗೂ ಉಳಿದರು. ‘ಡಿಸ್ಪೇರ್’ನಲ್ಲಿ ಡೀನ್‌ನ ಜಾಕೆಟ್ಟಿನ ಭುಜದ ಮೇಲೆ ರಕ್ತದ ಅಂಗೈ ಮುದ್ರೆ ಮೂಡಿದಾಗ ಹಳೆಯ ವೀಕ್ಷಕರು ಬೆಚ್ಚಿದ್ದು ಇದಕ್ಕೇ. ಹನ್ನೆರಡು ವರ್ಷದ ಹಿಂದೆ ಬರೆದ ಮೊದಲ ಸಾಲನ್ನು ಯಾರೋ ನೆನಪಿಟ್ಟುಕೊಂಡು ಕೊನೆಯ ಸಾಲಿಗೆ ಜೋಡಿಸಿದ್ದರು.

ಈ ಹನ್ನೆರಡು ವರ್ಷಗಳಲ್ಲಿ ‘ಡೆಸ್ಟಿಯೆಲ್’ ಎಂಬ ಜೋಡಿಹೆಸರು ಹುಟ್ಟಿತು. ಡೀನ್ ಮತ್ತು ಕ್ಯಾಸ್ಟಿಯೆಲ್ ಪರಸ್ಪರ ಪ್ರೀತಿಸುತ್ತಾರೆ ಎಂದು ನಂಬಿದವರು ಅಭಿಮಾನಿ ಕತೆಗಳನ್ನು ಬರೆದು ರಾಶಿ ಹಾಕಿದರು. ಅಭಿಮಾನಿ ಬರಹಗಳ ದೊಡ್ಡ ಭಂಡಾರವಾದ ‘ಆರ್ಕೈವ್ ಆಫ್ ಅವರ್ ಓನ್’ನಲ್ಲಿ ಅತಿ ಹೆಚ್ಚು ಕತೆಗಳಿರುವ ಜೋಡಿಗಳಲ್ಲಿ ಇದೂ ಒಂದು. ಧಾರಾವಾಹಿಯೂ ಅದಕ್ಕೆ ಗಾಳಿ ಹಾಕುತ್ತಲೇ ಬಂತು. ದೀರ್ಘ ನೋಟಗಳು, ನೀನು ನನಗೆ ಬೇಕು ಎಂಬ ಮಾತು, ಎಂಟನೇ ಸೀಸನ್ನಿನಲ್ಲಿ ತನ್ನನ್ನು ಕೊಲ್ಲಲು ನಿಂತ ಕ್ಯಾಸ್‌ನ ಎದುರು ಮಂಡಿಯೂರಿ ಡೀನ್ ಬೇಡಿಕೊಳ್ಳುವ ದೃಶ್ಯ. ಇಷ್ಟೆಲ್ಲ ಇದ್ದೂ ಯಾರೂ ಏನನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಆಸೆ ತೋರಿಸಿ ಕೊಡದೇ ಇರುವ ಈ ಆಟಕ್ಕೆ ಅಭಿಮಾನಿಗಳು ‘ಕ್ವೀರ್‌ಬೇಟಿಂಗ್’ ಎನ್ನುತ್ತಾರೆ. ಈ ಆರೋಪ ಧಾರಾವಾಹಿಯ ಮೇಲೆ ವರ್ಷಗಟ್ಟಲೆ ಇತ್ತು. ಹಾಗಾಗಿ ಕ್ಯಾಸ್ಟಿಯೆಲ್ ನಿಜವಾಗಿಯೂ ಆ ಮಾತು ಆಡಿದಾಗ ಅದೆಷ್ಟೋ ಜನಕ್ಕೆ ತಮ್ಮ ಕಣ್ಣು ಸುಳ್ಳು ಹೇಳಿರಲಿಲ್ಲ ಎಂಬುದಕ್ಕೆ ಸಾಕ್ಷಿ ಸಿಕ್ಕಂತಾಯಿತು. ಇಷ್ಟು ದಿನ ನಿಮ್ಮದು ಬರೀ ಕಲ್ಪನೆ ಎಂದು ಕೇಳಿಸಿಕೊಂಡವರು ಆ ರಾತ್ರಿ ಅತ್ತದ್ದು ಸಹಜ.

ಆದರೆ ಪ್ರೀತಿ ಹೇಳಿಕೊಂಡವನು ಮರುಕ್ಷಣವೇ ಸತ್ತ. ಇದು ಅಮೆರಿಕದ ಟೆಲಿವಿಷನ್ನಿನಲ್ಲಿ ಹಳೆಯ ಗಾಯ. ಇದೇ ಸಿಡಬ್ಲ್ಯೂ ವಾಹಿನಿಯ ‘ದಿ ಹಂಡ್ರೆಡ್’ನಲ್ಲಿ 2016ರ ಮಾರ್ಚ್‌ನಲ್ಲಿ ಲೆಕ್ಸಾ ಎಂಬ ನಾಯಕಿ ತನ್ನ ಪ್ರೇಯಸಿ ಕ್ಲಾರ್ಕ್‌ಳೊಂದಿಗೆ ಒಂದಾದ ಬೆನ್ನಿಗೇ ಗುರಿತಪ್ಪಿದ ಗುಂಡಿಗೆ ಬಲಿಯಾದಳು. ಆಗ ಅಭಿಮಾನಿಗಳು ತಮ್ಮ ಸಿಟ್ಟನ್ನು ಕೆಲಸಕ್ಕೆ ಹಚ್ಚಿದರು. ಸಲಿಂಗಿ, ಲಿಂಗಾಂತರಿ ಹದಿಹರೆಯದವರ ಆತ್ಮಹತ್ಯೆ ತಡೆಯಲು ದುಡಿಯುವ ‘ಟ್ರೆವರ್ ಪ್ರಾಜೆಕ್ಟ್’ಗೆ ಹಣ ಕೂಡಿಸಿದರು, ಮರುವರ್ಷ ಲಾಸ್ ವೇಗಸ್‌ನಲ್ಲಿ ‘ಕ್ಲೆಕ್ಸಾಕಾನ್’ ಸಮಾವೇಶವನ್ನೇ ಹುಟ್ಟುಹಾಕಿದರು. ‘ಸೂಪರ್‌ನ್ಯಾಚುರಲ್’ ಕೂಡ 2015ರಲ್ಲಿ ಚಾರ್ಲಿ ಬ್ರ್ಯಾಡ್‌ಬರಿ ಎಂಬ ಅಚ್ಚುಮೆಚ್ಚಿನ ಸಲಿಂಗಿ ಪಾತ್ರವನ್ನು ಕೊಂದು ಬೈಸಿಕೊಂಡಿತ್ತು. ಇಂಥ ಪಾತ್ರಗಳಿಗೆ ಪ್ರೀತಿ ದಕ್ಕಿದರೆ ಸಾವು ಖಚಿತ ಎಂಬ ಲೆಕ್ಕ ಎಳೆಯ ವೀಕ್ಷಕರ ಮನಸ್ಸಿನಲ್ಲಿ ಕೂತುಬಿಡುತ್ತದೆ. ‘ಡಿಸ್ಪೇರ್’ನಲ್ಲಂತೂ ಸಂತೋಷಪಟ್ಟರೆ ಸಾಯುತ್ತೀಯೆ ಎಂಬುದೇ ಕತೆಯ ಷರತ್ತು. ಇದನ್ನು ಎತ್ತಿ ತೋರಿಸಿದವರನ್ನು ಅತಿಸೂಕ್ಷ್ಮದವರೆಂದು ತಳ್ಳಿಹಾಕುವುದು ಅನ್ಯಾಯ.

ಇನ್ನೊಂದು ಬಗೆಯ ಅಸಮಾಧಾನವೂ ಇತ್ತು. ಇದು ಅಣ್ಣ ತಮ್ಮಂದಿರ ಕತೆ, ಬೇರೆಯವರೆಲ್ಲ ಬಂದು ಹೋಗುವವರು ಎಂದು ಮೊದಲಿನಿಂದ ನಂಬಿದವರಿಗೆ ಮುಗಿಯುವ ಹೊತ್ತಿನಲ್ಲಿ ಈ ನಿವೇದನೆ ಅಡ್ಡ ಬಂದ ಹಾಗೆ ಕಂಡಿತು. ದೇವದೂತನ ಪ್ರೀತಿಗೆ ಮನುಷ್ಯರ ಪ್ರಣಯದ ಹೆಸರು ಯಾಕೆ, ಅದು ಭಕ್ತಿ ಯಾಕಾಗಬಾರದು ಎಂದವರೂ ಉಂಟು. ಕಂತಿನ ಉಳಿದರ್ಧಕ್ಕೆ ಮೋಸವಾಯಿತು ಎಂದವರ ಮಾತಿನಲ್ಲಿಯೂ ನ್ಯಾಯವಿದೆ. ಅದೇ ಕಂತಿನಲ್ಲಿ ಸ್ಯಾಮ್ ಪ್ರೀತಿಸಿದ ಐಲೀನ್ ಮಾಯವಾಗುತ್ತಾಳೆ. ಕಿವಿ ಕೇಳದ ಈ ಬೇಟೆಗಾರ್ತಿಯ ಪಾತ್ರ ಮಾಡಿದವರು ಸ್ವತಃ ಕಿವುಡಿಯಾದ ನಟಿ ಶೊಶಾನಾ ಸ್ಟರ್ನ್. ಒಬ್ಬೊಬ್ಬರಾಗಿ ಸ್ನೇಹಿತರೆಲ್ಲ ಗಾಳಿಯಲ್ಲಿ ಕರಗಿಹೋಗುವುದನ್ನು ಸ್ಯಾಮ್ ನಿಸ್ಸಹಾಯಕನಾಗಿ ನೋಡುತ್ತಾನೆ. ಇವೆಲ್ಲ ಕೊನೆಯ ಐದು ನಿಮಿಷದ ನೆರಳಿನಲ್ಲಿ ಮರೆತೇಹೋದವು.

ಜಗತ್ತೂ ಅಂದು ಸ್ವಸ್ಥವಾಗಿರಲಿಲ್ಲ. ಅಮೆರಿಕದ ಅಧ್ಯಕ್ಷೀಯ ಚುನಾವಣೆ ನವೆಂಬರ್ 3ರಂದು ನಡೆದು, ಎಣಿಕೆ ಮುಗಿಯದೆ ಮೂರನೇ ರಾತ್ರಿಗೆ ಕಾಲಿಟ್ಟಿತ್ತು. ಬೈಡನ್ ಗೆದ್ದರೆಂದು ಸುದ್ದಿವಾಹಿನಿಗಳು ಹೇಳಿದ್ದು 7ರಂದು. ಪುಟಿನ್ ಅನಾರೋಗ್ಯದಿಂದ ಪದವಿ ಬಿಡುತ್ತಾರೆ ಎಂಬ ಗಾಳಿಸುದ್ದಿ ಕಂತು ಪ್ರಸಾರವಾದ ದಿನವೇ ಹಬ್ಬಿ, ಕ್ರೆಮ್ಲಿನ್ ಅಲ್ಲಗಳೆಯಿತು. ಕೋವಿಡ್‌ನಿಂದಾಗಿ ಎಲ್ಲರೂ ಮನೆಯೊಳಗೆ. ಎಣಿಕೆಯ ಅಂಕಿ ನೋಡುತ್ತ ನಿದ್ದೆಗೆಟ್ಟಿದ್ದ ಜನಕ್ಕೆ ಜಾರ್ಜಿಯಾ, ಪೆನ್ಸಿಲ್ವೇನಿಯಾಗಳ ನಡುವೆ ಕ್ಯಾಸ್ಟಿಯೆಲ್‌ನ ಹೆಸರು ತೇಲಿಬಂತು. ಧಾರಾವಾಹಿಯನ್ನು ಎಂದೋ ಬಿಟ್ಟಿದ್ದವರು, ನೋಡೇ ಇರದವರು ಕೂಡ ಏನಾಯಿತೆಂದು ಕೇಳತೊಡಗಿದರು.

ಆ ರಾತ್ರಿಯಿಂದ ಹುಟ್ಟಿದ ಮೀಮ್ ಇವತ್ತಿಗೂ ಜೀವಂತ. ಮೊದಲ ಚಿತ್ರದಲ್ಲಿ ಕ್ಯಾಸ್ಟಿಯೆಲ್ ತುಂಬಿದ ಕಣ್ಣಿನಲ್ಲಿ ಐ ಲವ್ ಯೂ ಎನ್ನುತ್ತಾನೆ. ಮುಂದಿನ ಚಿತ್ರದಲ್ಲಿ ಡೀನ್ ಆ ದಿನದ ದೊಡ್ಡ ಸುದ್ದಿಯನ್ನು ಹೇಳುತ್ತಾನೆ. ಯಾರೋ ರಾಜೀನಾಮೆ ಕೊಟ್ಟರು, ಯಾರೋ ತೀರಿಕೊಂಡರು, ಎಲ್ಲೋ ಯುದ್ಧ ಶುರುವಾಯಿತು. ಜಗತ್ತಿನ ಸುದ್ದಿ ತಮಗೆ ಮೊದಲು ತಿಳಿಯುವುದೇ ಈ ಇಬ್ಬರಿಂದ ಎನ್ನುವವರು ಬೇಕಾದಷ್ಟು ಮಂದಿ. ಇದು ಇಷ್ಟು ಕಾಲ ಬಾಳಿದ್ದಕ್ಕೆ ನನಗೆ ಕಾಣುವ ಕಾರಣ ಒಂದೇ. ಮೂಲದಲ್ಲಿ ಡೀನ್‌ನ ಉತ್ತರದ ಜಾಗ ಖಾಲಿ ಇದೆ. ಖಾಲಿ ಇರುವಲ್ಲಿ ಯಾರು ಏನನ್ನು ಬೇಕಾದರೂ ಬರೆಯಬಹುದು.

ಲ್ಯಾಟಿನ್ ಅಮೆರಿಕದ ಡಬ್ಬಿಂಗ್ ತಂಡ ಬರೆದೂಬಿಟ್ಟಿತು. ಧಾರಾವಾಹಿ ಅಮೆರಿಕದಲ್ಲಿ ಮುಗಿದ ವಾರದೊಳಗೆ ಅಲ್ಲಿ ‘ಡಿಸ್ಪೇರ್’ ಸ್ಪ್ಯಾನಿಷ್‌ನಲ್ಲಿ ಬಂದಾಗ, ‘ಹೀಗೆ ಮಾಡಬೇಡ’ ಎಂಬುದರ ಜಾಗದಲ್ಲಿ ಡೀನ್ ‘ನಾನೂ ನಿನ್ನನ್ನು, ಕ್ಯಾಸ್’ ಎಂದುಬಿಟ್ಟ. ಆ ತುಣುಕು ಗಂಟೆಗಳೊಳಗೆ ಎಲ್ಲೆಡೆ ಹರಡಿತು. ಮೂಲ ಚಿತ್ರಕತೆಯಲ್ಲೇ ಇದು ಇತ್ತು, ವಾಹಿನಿ ಕತ್ತರಿಸಿತು ಎಂಬ ಗುಮಾನಿ ಎದ್ದಿತು. ಅದಕ್ಕೆ ಆಧಾರ ಸಿಗಲಿಲ್ಲ. ಆದರೂ ಗುಮಾನಿ ಹುಟ್ಟಿದ ಜಾಗ ಮುಖ್ಯ: ಎಲ್ಲರ ಕಣ್ಣು ನೆಟ್ಟಿದ್ದು ಕ್ಯಾಸ್ಟಿಯೆಲ್ ಆಡಿದ ಮಾತಿಗಿಂತ ಹೆಚ್ಚಾಗಿ ಡೀನ್ ಆಡದ ಮಾತಿನ ಮೇಲೆ.

ಹೀಗೆ ಕತೆಯೊಳಗೆ ಕೈಹಾಕುವ ಹಕ್ಕು ವೀಕ್ಷಕರಿಗೆ ಎಲ್ಲಿಂದ ಬಂತು? ಈ ಧಾರಾವಾಹಿಯ ವಿಷಯದಲ್ಲಿ ಹೇಳುವುದಾದರೆ, ಧಾರಾವಾಹಿಯೇ ಕೊಟ್ಟದ್ದು. 2009ರ ಏಪ್ರಿಲ್‌ನಲ್ಲಿ ಬಂದ ಕಂತೊಂದರಲ್ಲಿ ಅಣ್ಣ ತಮ್ಮ ಪುಸ್ತಕದಂಗಡಿಯಲ್ಲಿ ತಮ್ಮದೇ ಬದುಕಿನ ಕತೆಪುಸ್ತಕಗಳನ್ನು ಕಂಡು ದಂಗಾಗುತ್ತಾರೆ. ಲೇಖಕ ಚಕ್ ಎಂಬ ಕುಡುಕ. ಅವನ ಕಾವ್ಯನಾಮ ಕಾರ್ವರ್ ಎಡ್ಲಂಡ್, ಧಾರಾವಾಹಿಯ ಇಬ್ಬರು ನಿಜ ಲೇಖಕರಾದ ಜೆರೆಮಿ ಕಾರ್ವರ್ ಮತ್ತು ಬೆನ್ ಎಡ್ಲಂಡ್ ಹೆಸರು ಕೂಡಿಸಿದ್ದು. ಆ ಪುಸ್ತಕಗಳಿಗೆ ಅಭಿಮಾನಿಗಳಿದ್ದಾರೆ, ಅವರು ಬರೆಯುವ ಅಭಿಮಾನಿ ಕತೆಗಳಿವೆ. ಚಕ್ ಪ್ರವಾದಿ ಎಂದು ಮೊದಲು ತಿಳಿಯುತ್ತದೆ, ಬಹಳ ವರ್ಷಗಳ ಮೇಲೆ ಅವನೇ ದೇವರು ಎಂದು. 2014ರ ನವೆಂಬರ್ 11ರ ಇನ್ನೂರನೇ ಕಂತಿನ ಹೆಸರೇ ‘ಫ್ಯಾನ್ ಫಿಕ್ಷನ್’. ಶಾಲೆಯ ಹುಡುಗಿಯರು ವಿಂಚೆಸ್ಟರ್ ಕತೆಯನ್ನು ಸಂಗೀತ ನಾಟಕವಾಗಿ ಆಡುತ್ತಾರೆ. ಡೆಸ್ಟಿಯೆಲ್ ಎಂದರೇನೆಂದು ಡೀನ್‌ಗೆ ಅಲ್ಲೇ ತಿಳಿಯುವುದು. ಮೊದಲು ಸಿಡುಕುವ ಅವನು ಕೊನೆಗೆ, ನಿನ್ನ ಕತೆ ನಿನ್ನದು, ನನ್ನದು ನನ್ನದು ಎಂಬ ಅರ್ಥದ ಮಾತನ್ನು ಆ ನಾಟಕ ಬರೆದ ಹುಡುಗಿಗೆ ಮನಃಪೂರ್ವಕ ಹೇಳುತ್ತಾನೆ. ನಾಟಕ ಮುಗಿದ ಮೇಲೆ ಪ್ರೇಕ್ಷಕರ ನಡುವೆ ಕೂತಿರುವ ಚಕ್, ಅಂದರೆ ದೇವರು, ಅಂದರೆ ಲೇಖಕ, ಪರವಾಗಿಲ್ಲ ಎಂದು ಮೆಚ್ಚುತ್ತಾನೆ. ಯಾವುದೇ ಧಾರಾವಾಹಿ ತನ್ನ ಅಭಿಮಾನಿಗಳಿಗೆ ಇದಕ್ಕಿಂತ ಸ್ಪಷ್ಟ ಅನುಮತಿ ಕೊಟ್ಟದ್ದು ನನ್ನ ನೆನಪಿನಲ್ಲಿಲ್ಲ.

ಮುಂದೆ ಇದೇ ಚಕ್ ಕೊನೆಯ ಸೀಸನ್ನಿನ ಖಳನಾಗುತ್ತಾನೆ. ಅಣ್ಣ ತಮ್ಮ ತಾನು ಬರೆದ ದುರಂತದಂತೆ ಸಾಯಬೇಕೆಂಬುದು ಅವನ ಹಟ. ಒಲ್ಲೆವೆಂದಾಗ ಲೋಕವನ್ನೇ ಅಳಿಸುತ್ತ ಬರುತ್ತಾನೆ. ‘ಡಿಸ್ಪೇರ್’ನಲ್ಲಿ ಜನರನ್ನು ಮಾಯಮಾಡುತ್ತಿರುವವನೂ ಅವನೇ. ಅಂದರೆ ಹದಿನೈದನೇ ಸೀಸನ್ ಪೂರ್ತಿ ಹೇಳಿದ್ದು ಇದನ್ನೇ: ಬರೆದವನ ಮುಕ್ತಾಯವನ್ನು ಪಾತ್ರಗಳು ಒಪ್ಪಬೇಕಾಗಿಲ್ಲ, ತಿರುಗಿಬೀಳಬಹುದು. ಇಷ್ಟನ್ನು ಕಲಿಸಿದ ಮೇಲೆ, ತಾವು ಬರೆದ ಮುಕ್ತಾಯವನ್ನು ವೀಕ್ಷಕರು ಸುಮ್ಮನೆ ಒಪ್ಪಿಕೊಳ್ಳಲಿ ಎಂದು ಲೇಖಕರು ನಿರೀಕ್ಷಿಸುವುದು ಹೇಗೆ?

‘ಡಿಸ್ಪೇರ್’ನ ಆ ದೃಶ್ಯವನ್ನು ನಾನು ದೂರುವುದಿಲ್ಲ. ಕ್ಯಾಸ್ಟಿಯೆಲ್‌ನ ಪಾತ್ರಕ್ಕೆ ಅದು ಸಲ್ಲುವ ಮುಕ್ತಾಯ. ಆಜ್ಞೆ ಪಾಲಿಸುವುದಷ್ಟೇ ಗೊತ್ತಿದ್ದವನು ತನಗಾಗಿ ಆಡಿದ ಮೊದಲ ಮಾತು ಅದು, ಮಿಶಾ ಕಾಲಿನ್ಸ್ ಅದನ್ನು ಎಲ್ಲೂ ಹಿಂಜರಿಯದೆ ಆಡಿದ್ದಾರೆ. ಆಕಲ್ಸ್‌ನ ಮುಖದಲ್ಲಿ ದಿಗ್ಭ್ರಮೆಗಿಂತ ಹೆಚ್ಚಿನದು ಕಾಣದಿದ್ದರೂ ಸರಿಯೇ. ಸಾವು ಬಾಗಿಲಲ್ಲಿರುವಾಗ ಯಾರಿಗೆ ಉತ್ತರ ತೋಚೀತು? ತಪ್ಪಿದ್ದು ಆಮೇಲೆ. ಒಂದು ವಾರದ ನಂತರ ಬಂದ 19ನೇ ಕಂತಿನಲ್ಲಿ ಕ್ಯಾಸ್ ಎಲ್ಲಿ ಎಂದು ಕೇಳಿದಾಗ, ಅವನು ನನ್ನನ್ನು ಉಳಿಸಿದ, ಎಂಪ್ಟಿ ಅವನನ್ನು ಒಯ್ದಿತು ಎನ್ನುತ್ತಾನೆ ಡೀನ್. ಅವನು ಹೇಳಿದ ಮಾತಿನ ಸುದ್ದಿಯೇ ಇಲ್ಲ. ಅದೇ ಕಂತಿನಲ್ಲಿ ಕ್ಯಾಸ್‌ನ ದನಿಯಲ್ಲಿ ಫೋನ್ ಬರುತ್ತದೆ. ಡೀನ್ ಬಾಗಿಲಿಗೆ ಓಡುತ್ತಾನೆ, ಮುಖ ಅರಳಿರುತ್ತದೆ. ತೆರೆದರೆ ನಿಂತಿರುವುದು ಲೂಸಿಫರ್. ಆ ಅರಳಿದ ಮುಖವನ್ನು ಒಂದು ಮೋಸದ ತಂತ್ರಕ್ಕೆ ಬಳಸಿ ಬಿಸಾಡಿದ್ದು ನನಗೆ ನೋವು ಕೊಟ್ಟ ಸಂಗತಿ.

ನವೆಂಬರ್ 19ರ ಅಂತಿಮ ಕಂತಿನಲ್ಲಿ ಡೀನ್ ಕೊಟ್ಟಿಗೆಯೊಂದರಲ್ಲಿ ರಕ್ತಪಿಶಾಚಿಗಳೊಡನೆ ಹೋರಾಡುವಾಗ ಕಬ್ಬಿಣದ ಸರಳು ಚುಚ್ಚಿ ಸಾಯುತ್ತಾನೆ. ಸ್ವರ್ಗದಲ್ಲಿ ಸಿಗುವ ಹಳೆಯ ಸ್ನೇಹಿತ ಬಾಬಿ, ಈ ಹೊಸ ಸ್ವರ್ಗ ಕಟ್ಟಲು ಕ್ಯಾಸ್ ನೆರವಾದ ಎನ್ನುತ್ತಾನೆ. ಡೀನ್ ಮುಗುಳ್ನಗುತ್ತಾನೆ. ಹೋಗಿ ಕಾಣುವುದಿಲ್ಲ, ಕಾರು ಹತ್ತುತ್ತಾನೆ. ಕೋವಿಡ್ ಕಾರಣ ಎನ್ನುವುದು ಅರ್ಧ ಸತ್ಯ. 2020ರ ಮಾರ್ಚ್‌ನಲ್ಲಿ ವ್ಯಾಂಕೂವರ್‌ನ ಚಿತ್ರೀಕರಣ ನಿಂತಾಗ 18 ಕಂತುಗಳು ಮುಗಿದಿದ್ದವು. ಉಳಿದೆರಡನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಂತರ, ಪರೀಕ್ಷೆಗಳ ನಡುವೆ ಕಡಿಮೆ ನಟರೊಂದಿಗೆ ಮುಗಿಸಬೇಕಾಯಿತು. ನಟರನ್ನು ಕರೆತರುವುದು ಕಷ್ಟವಿತ್ತು, ನಿಜ. ಡೀನ್‌ನ ಬಾಯಲ್ಲಿ ಒಂದು ವಾಕ್ಯ ಆಡಿಸುವುದಕ್ಕೆ ಯಾವ ಸೋಂಕು ಅಡ್ಡಿ?

ಹಾಗಿದ್ದರೂ ಉತ್ತರ ಪೂರ್ತಿ ಇಲ್ಲವೆನ್ನಲಾರೆ. 19ನೇ ಕಂತಿನ ಕೊನೆಯಲ್ಲಿ ಶಕ್ತಿ ಕಳೆದುಕೊಂಡು ಬಿದ್ದ ಚಕ್, ಕೊಲ್ಲು, ನೀನು ಮಹಾ ಕೊಲೆಗಾರನಲ್ಲವೇ ಎಂದು ಕೆಣಕುತ್ತಾನೆ. ಡೀನ್ ಕೊಲ್ಲುವುದಿಲ್ಲ. ಅದು ನಾನಲ್ಲ ಎನ್ನುತ್ತಾನೆ. ಒಂದು ಕಂತಿನ ಹಿಂದೆ ನೀನು ಅಪ್ಪನ ಆಯುಧವಲ್ಲ ಎಂದು ಹೇಳಿ ಹೋದವನ ಮಾತು ಅಲ್ಲಿ ಫಲಿಸಿದೆ. ಬಾಯಲ್ಲಿ ಹೇಳದಿದ್ದದ್ದನ್ನು ಡೀನ್ ನಡತೆಯಲ್ಲಿ ಹೇಳಿದ ಎಂದು ವಾದಿಸುವ ಅಭಿಮಾನಿಗಳಿದ್ದಾರೆ. ಅವರ ಓದು ನನ್ನನ್ನು ತಟ್ಟಿದೆ. ಪ್ರೀತಿಯ ಮಾತಿಗೆ ಪ್ರೀತಿಯ ಮಾತೇ ಬೇಕಿತ್ತು ಎನ್ನುವವರ ಅಸಮಾಧಾನ ಇದರಿಂದ ಕಡಿಮೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಹೊಸದಾಗಿ ನೋಡುವವರು 327 ಕಂತುಗಳ ಲೆಕ್ಕಕ್ಕೆ ಹೆದರಬೇಕಿಲ್ಲ. ಮೊದಲ ಸೀಸನ್ನಿನ ಮೊದಲ ಕಂತು ನೋಡಿ, ಅಣ್ಣ ತಮ್ಮ ಯಾರೆಂದು ತಿಳಿಯುತ್ತದೆ. ಆಮೇಲೆ ನಾಲ್ಕನೆಯದರ 1 ಮತ್ತು 18, ಐದನೆಯದರ ಕೊನೆ, ಎಂಟರ 17, ಹತ್ತರ 5, ಹದಿನಾಲ್ಕರ 8 ಮತ್ತು ಕೊನೆಯ ಕಂತು. ಅಲ್ಲಿಂದ ‘ಡಿಸ್ಪೇರ್’ಗೆ ಬನ್ನಿ. ಮರುದಿನವೇ 19ನೆಯದನ್ನೂ ನೋಡಿ, ಲೂಸಿಫರ್ ಬರುವ ದೃಶ್ಯವನ್ನು ಸಹಿಸಿಕೊಂಡು, ಚಕ್‌ನ ಎದುರು ಡೀನ್ ನಿಲ್ಲುವ ತನಕ.